ತೂತು ದೊಡ್ಡದಾಯ್ತು, ಸೆಂಟರ್ ಎಲ್ಲಿ ಹೋಯ್ತು?

ಓದುಗರ ಪ್ರಶ್ನೆ, ನಮ್ಮ ಉತ್ತರ: ಮಾಡೆಲ್ ವಿಮಾನ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಗೋಳು. ಕೊಂಡು ತಂದ ಲೋಹದ ಬಿಡಿಭಾಗದ ತೂತು ಸಣ್ಣದು, ಅದನ್ನು ದೊಡ್ಡದು ಮಾಡಲು ಹೋದೆವು, ಕೆಟ್ಟಿತು. ಹಾಗಾಗಿ ಬಾಲ್ಸಾ, ಬ್ಯಾಟರಿ, ರೇಡಿಯೊ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಈಗ ಬರೀ ತೂತಿನ ಮಾತು. ಹೆಸರು ಹಾಕಬೇಡಿ ಎಂದು ಕೆಲವರು ಕೇಳಿದ್ದಾರೆ, ಆದ್ದರಿಂದ ಎಲ್ಲರದೂ ಊರು ಮಾತ್ರ ಕೊಟ್ಟಿದ್ದೇನೆ.

ಪ್ರಶ್ನೆ: ಸರ್, ನಾನು ಎಂಜಿನಿಯರಿಂಗ್ ಓದುತ್ತಿದ್ದೇನೆ. ನಮ್ಮ ಕಾಕಾ ತಮ್ಮ ಹಳೇ 60 ಸೈಜಿನ ಗ್ಲೋ ಎಂಜಿನ್ (0.60 ಘನ ಇಂಚಿನ, ಇಂಧನದಿಂದ ಓಡುವ ಸಣ್ಣ ಎಂಜಿನ್) ಕೊಟ್ಟರು. ಅದಕ್ಕೆ ಅಲ್ಯೂಮಿನಿಯಂ ಸ್ಪಿನ್ನರ್ (ಪ್ರಾಪೆಲ್ಲರಿನ ನಡುವೆ ಕೂರುವ ಕೋನ್ ಆಕಾರದ ಮೂತಿ) ತರಿಸಿದೆ. ಹಿಂದಿನ ತಟ್ಟೆಯ ತೂತು ಶಾಫ್ಟಿಗೆ ಸಣ್ಣದಾಯಿತು. 8 ಎಂಎಂ ಬಿಟ್ ಹಾಕಿ ಹ್ಯಾಂಡ್ ಡ್ರಿಲ್‌ನಲ್ಲಿ ಹೊಡೆದೆ. ಬಿಟ್ ಕಚ್ಚಿಕೊಂಡು ತಟ್ಟೆ ಗಿರಕಿ ಹೊಡೆಯಿತು. ಈಗ ತೂತು ದುಂಡಗಿಲ್ಲ, ಮೂರು ಮೂಲೆ ಇದ್ದ ಹಾಗೆ ಕಾಣುತ್ತದೆ, ಸ್ಪಿನ್ನರ್ ಓಲಾಡುತ್ತದೆ. ಬಿಟ್ ಹೊಸದು. ತಪ್ಪು ಎಲ್ಲಿ ಆಯಿತು?
(ವಿದ್ಯಾನಗರ, ಹುಬ್ಬಳ್ಳಿ)

ಉತ್ತರ: ಕೈಗೆ ಏನೂ ಆಗಿಲ್ಲ ತಾನೇ? ಅದನ್ನು ನೀವು ಬರೆದೇ ಇಲ್ಲ. ಗಿರಕಿ ಹೊಡೆಯುವ ತಟ್ಟೆಯ ಅಂಚು ಬೆರಳನ್ನು ಕತ್ತರಿಸುತ್ತದೆ. ಇನ್ನು ಮುಂದೆ ಕೈಯಲ್ಲಿ ಹಿಡಿದು ಡ್ರಿಲ್ ಮಾಡುವುದು ಬೇಡ, ಗ್ಲೌಸ್ ಹಾಕಿಕೊಂಡಂತೂ ಬೇಡವೇ ಬೇಡ, ಬಿಟ್ ಗ್ಲೌಸನ್ನು ಹಿಡಿದರೆ ಜೊತೆಗೆ ಕೈಯನ್ನೂ ಎಳೆದುಕೊಳ್ಳುತ್ತದೆ.

ತಪ್ಪು ಬಿಟ್ಟಿನದಲ್ಲ. ಮಾಮೂಲಿ ಡ್ರಿಲ್ ಬಿಟ್ ಇರುವುದು ತೂತಿಲ್ಲದ ಕಡೆ ತೂತು ಹಾಕಲು. ಅದರ ತುದಿ ಲೋಹದಲ್ಲಿ ಊರಿ ನಿಂತರೆ ಮಾತ್ರ ಅದು ನೆಟ್ಟಗೆ ಇಳಿಯುತ್ತದೆ. ಮೊದಲೇ ತೂತಿದ್ದರೆ ತುದಿಗೆ ಊರಲು ಜಾಗವೇ ಇಲ್ಲ. ಆಗ ಎರಡು ಕತ್ತರಿಸುವ ಅಂಚುಗಳು ಮಾತ್ರ ತೂತಿನ ಬಾಯಿಗೆ ತಾಗಿ ನಿಲ್ಲುತ್ತವೆ. ಎರಡೇ ಕಡೆ ಆಧಾರ ಇದ್ದರೆ ಬಿಟ್ ಪಕ್ಕಕ್ಕೆ ಓಡಾಡುತ್ತದೆ, ಹಾಗೆ ಓಡಾಡುತ್ತಲೇ ತಿರುಗಿದಾಗ ಆಗುವುದೇ ಈ ಮೂರು ಮೂಲೆಯ ತೂತು. ತಟ್ಟೆ ತೆಳುವಾದಷ್ಟೂ ಇದು ಜಾಸ್ತಿ, ಯಾಕೆಂದರೆ ಬಿಟ್ಟಿನ ಪೂರ್ತಿ ಅಗಲ ತೂತಿನೊಳಗೆ ಕೂತು ಅದಕ್ಕೊಂದು ಹಿಡಿತ ಸಿಗುವ ಮೊದಲೇ ತುದಿ ಆಚೆ ಬಂದಿರುತ್ತದೆ. ಇನ್ನು ಕಚ್ಚಿಕೊಂಡದ್ದು. ಬಿಟ್ಟಿನ ಸುರುಳಿ ಓರೆಯಾಗಿರುತ್ತದೆ, ಕತ್ತರಿಸಲು ಸ್ವಲ್ಪವೇ ಲೋಹ ಉಳಿದಿದ್ದಾಗ ಅದು ತಾನೇ ಒಳಕ್ಕೆ ಎಳೆದುಕೊಂಡು ಹೋಗುತ್ತದೆ. ನೀವು ಒತ್ತಬೇಕಾಗಿಯೇ ಇಲ್ಲ.

ಈಗ ಅಳತೆ. 8 ಎಂಎಂ ಎಂದು ಹೇಗೆ ಗೊತ್ತಾಯಿತು? 60 ಸೈಜಿನ ಗ್ಲೋ ಎಂಜಿನ್ನುಗಳ ಶಾಫ್ಟ್ ಸಾಮಾನ್ಯವಾಗಿ ಇಂಚಿನ ಲೆಕ್ಕದ್ದು, ಇಂಚಿಗೆ 24 ಥ್ರೆಡ್ ಇರುವ 5/16. ನಮ್ಮ ಹಾರ್ಡ್‌ವೇರ್ ಅಂಗಡಿಯ ಭಾಷೆಯಲ್ಲಿ ಎರಡೂವರೆ ಸೂತ್. ಮಿಲಿಮೀಟರಿನಲ್ಲಿ 7.94. ನಲವತ್ತು, ನಲವತ್ತಾರರ ಎಂಜಿನ್ನುಗಳಲ್ಲಿ ಬಹಳಷ್ಟಕ್ಕೆ ಇಂಚಿಗೆ 28 ಥ್ರೆಡ್ಡಿನ ಕಾಲಿಂಚು ಶಾಫ್ಟ್, ಅಂದರೆ 6.35. ಮಿಲಿಮೀಟರ್ ಶಾಫ್ಟಿನ ಎಂಜಿನ್ನುಗಳೂ ಇವೆ. ಆದ್ದರಿಂದ ಪೆಟ್ಟಿಗೆಯ ಮೇಲೆ ಬರೆದದ್ದನ್ನು ನಂಬದೆ ವರ್ನಿಯರ್ ಹಿಡಿದು ಶಾಫ್ಟನ್ನೇ ಅಳೆಯಿರಿ.

ನಿಮ್ಮ ಪತ್ರದಲ್ಲಿ ತೂತಿನ ಗಾತ್ರದ ಬಗ್ಗೆ ಚಿಂತೆ ಇದೆ, ಅದರ ಜಾಗದ ಬಗ್ಗೆ ಇಲ್ಲ. ಗಾತ್ರ ಸರಿ ಮಾಡುವುದು ಸುಲಭ, ಸೆಂಟರ್ ಕಾಯುವುದೇ ಕಷ್ಟ. ಡ್ರಿಲ್ ಬಿಟ್ ಆಗಲಿ, ರೀಮರ್ (ಇದ್ದ ತೂತನ್ನು ಸರಿಯಾದ ಅಳತೆಗೆ ಕೆರೆಯುವ, ಹಲವು ಕತ್ತರಿಸುವ ಬಾಯಿಗಳ ಕಡ್ಡಿ) ಆಗಲಿ, ಜಾಡು ಹಿಡಿದ ಚಕ್ಕಡಿ ಹಾಗೆ ಹಳೇ ತೂತು ಎತ್ತ ಇದೆಯೋ ಅತ್ತಲೇ ಹೋಗುತ್ತದೆ. ಹಳೇ ತೂತು ಸೊಟ್ಟ ಇದ್ದರೆ ಹೊಸದೂ ಸೊಟ್ಟ. ರೀಮರ್ ಗಾತ್ರವನ್ನು ಸರಿ ಮಾಡುತ್ತದೆ, ಒಳಗೋಡೆಯನ್ನು ನುಣುಪು ಮಾಡುತ್ತದೆ, ತೂತನ್ನು ಪಕ್ಕಕ್ಕೆ ಸರಿಸುವುದು ಅದರ ಕೆಲಸವೇ ಅಲ್ಲ. ಸೆಂಟರ್ ತಿದ್ದಬೇಕಾದರೆ ಲೇಥಿನಲ್ಲಿ ಒಂದೇ ಬಾಯಿಯ ಬೋರಿಂಗ್ ಟೂಲ್ ಬೇಕು. ಅದು ಹಳೇ ತೂತಿನ ಮುಲಾಜಿಗೆ ಬೀಳುವುದಿಲ್ಲ, ಮಷಿನ್ ಯಾವುದರ ಸುತ್ತ ತಿರುಗುತ್ತದೋ ಅದರ ಸುತ್ತಲೇ ಕೊರೆಯುತ್ತದೆ.

ಹಾಗಾದರೆ ಯಾವುದರ ಸುತ್ತ ತಿರುಗಬೇಕು? ಸ್ಪಿನ್ನರ್ ತಟ್ಟೆಯನ್ನು ಒಮ್ಮೆ ಸರಿಯಾಗಿ ನೋಡಿ. ಅಂಚಿನಲ್ಲಿ ಕೋನ್ ಬಂದು ಕೂರುವ ಒಂದು ಮೆಟ್ಟಿಲು ಇರುತ್ತದೆ. ನಿಮ್ಮ ನಿಜವಾದ ಗುರುತು ಅದು, ತೂತಲ್ಲ. ಆ ಮೆಟ್ಟಿಲಿಗೂ ತೂತಿಗೂ ಒಂದೇ ಸೆಂಟರ್ ಇದ್ದರೆ ಸ್ಪಿನ್ನರ್ ನೆಟ್ಟಗೆ ತಿರುಗುತ್ತದೆ. ತಟ್ಟೆಯನ್ನು ಲೇಥಿನ ಫೋರ್ ಜಾ ಚಕ್ಕಿನಲ್ಲಿ (ನಾಲ್ಕು ಹಿಡಿಗಳನ್ನು, ಅಂದರೆ ಜಾಗಳನ್ನು, ಬೇರೆ ಬೇರೆಯಾಗಿ ಸರಿಸಬಹುದಾದದ್ದು) ಹಿಡಿದು, ಮೆಟ್ಟಿಲ ಮೇಲೆ ಸಣ್ಣ ಅಲುಗಾಟವನ್ನೂ ತೋರಿಸುವ ಡಯಲ್ ಗೇಜ್ ಇಟ್ಟು, ಮುಳ್ಳು 0.02 ಎಂಎಂಗಿಂತ ಜಾಸ್ತಿ ಅಲುಗದ ಹಾಗೆ ಜಾಗಳನ್ನು ಹೊಂದಿಸಿ, ಆಮೇಲೆ ಬೋರ್ ಮಾಡಬೇಕು. ಜಾ ಮತ್ತು ತಟ್ಟೆಯ ನಡುವೆ ತೆಳು ತಾಮ್ರದ ಪಟ್ಟಿ ಇಡಿ, ಇಲ್ಲದಿದ್ದರೆ ಅಂಚಿನಲ್ಲಿ ಕಚ್ಚಿದ ಗುರುತು ಉಳಿಯುತ್ತದೆ.

ಇಷ್ಟೆಲ್ಲ ಯಾಕೆ ಅಂತೀರಾ? ಒಂದು ಲೆಕ್ಕ ಹಾಕೋಣ. ಸ್ಪಿನ್ನರ್ ತೂಕ 40 ಗ್ರಾಂ, ಸೆಂಟರಿನಿಂದ 0.2 ಎಂಎಂ ಆಚೆ, ಎಂಜಿನ್ ನಿಮಿಷಕ್ಕೆ 10,000 ಸುತ್ತು. ಪಕ್ಕಕ್ಕೆ ಎಳೆಯುವ ಬಲ ಸುಮಾರು 9 ನ್ಯೂಟನ್ ಬರುತ್ತದೆ, ಒಂದು ಕಿಲೋಗೆ ಸ್ವಲ್ಪ ಕಡಿಮೆ. ಆ ಎಳೆತ ಸೆಕೆಂಡಿಗೆ ಸುಮಾರು 167 ಸಲ ಸುತ್ತು ಹಾಕುತ್ತಾ ಎಂಜಿನ್ ಬೇರಿಂಗ್, ಮೌಂಟ್, ಫೈರ್‌ವಾಲ್ (ಎಂಜಿನ್ ಕೂರುವ ಮುಂದಿನ ಹಲಗೆ), ರೇಡಿಯೊ ರಿಸೀವರ್ ಎಲ್ಲವನ್ನೂ ಅಲ್ಲಾಡಿಸುತ್ತದೆ. ಟ್ಯಾಂಕಿನಲ್ಲಿ ಇಂಧನ ನೊರೆ ಆಗುವುದಕ್ಕೂ ಇದೇ ಕಾರಣ ಇರಬಹುದು, ಎಂಜಿನ್ ಯಾಕೋ ಮಿಸ್ ಹೊಡೀತಿದೆ ಎಂದು ಜನ ಸುಮ್ನೆ ಇಂಧನದ ಸೂಜಿ ತಿರುಗಿಸುತ್ತಾ ಕೂರುತ್ತಾರೆ. ಅದೇ ತಟ್ಟೆಗೆ ಸರಿಯಾದ 8 ಎಂಎಂ ರೀಮರ್ ತೂತಿದ್ದರೆ, 7.94ರ ಶಾಫ್ಟ್ ಒಂದು ಪಕ್ಕಕ್ಕೆ ಪೂರ್ತಿ ಒರಗಿದರೂ ಸೆಂಟರ್ 0.03 ಅಥವಾ 0.04 ಎಂಎಂ ಅಷ್ಟೇ ತಪ್ಪುತ್ತದೆ. ಬಲ ಎರಡು ನ್ಯೂಟನ್ನಿನ ಒಳಗೇ ಉಳಿಯುತ್ತದೆ.

ನಿಮ್ಮ ತಟ್ಟೆಯನ್ನು ಎಸೆಯಬೇಡಿ. ಈಗ ಹೇಳಿದ ಹಾಗೆ ಮೆಟ್ಟಿಲಿಗೆ ಸೆಂಟರ್ ಮಾಡಿ ತೂತನ್ನು 11 ಎಂಎಂ ಬೋರ್ ಮಾಡಿಸಿ. ಒಂದು ಅಲ್ಯೂಮಿನಿಯಂ ಬುಶ್, ಅಂದರೆ ಬಳೆಯಂಥ ತುಂಡು, ಬಿಗಿಯಾಗಿ ಕೂರಿಸಿ. ಬುಶ್ಶಿನ ಒಳತೂತನ್ನು ಕೂರಿಸಿದ ಮೇಲೆಯೇ, ತಟ್ಟೆಯನ್ನು ಚಕ್ಕಿನಿಂದ ಬಿಚ್ಚದೆ, ಕೊರೆಸಿ. ಬುಶ್ ತಟ್ಟೆಗಿಂತ ಒಂದು ಕೂದಲೂ ದಪ್ಪ ಇರಬಾರದು. ಇದ್ದರೆ ಪ್ರಾಪ್ (ಪ್ರಾಪೆಲ್ಲರ್) ನಟ್ ಬಿಗಿ ಮಾಡಿದಾಗ ಹಿಡಿತವೆಲ್ಲ ಬುಶ್ ಮೇಲೆ ಹೋಗಿ ತಟ್ಟೆ ಸಡಿಲವಾಗಿಯೇ ಉಳಿಯುತ್ತದೆ.

ಪ್ರಶ್ನೆ: ಲೇಥ್ ಇಲ್ಲ, ಡ್ರಿಲ್ ಸ್ಟ್ಯಾಂಡ್ ಇಲ್ಲ. ಮನೆಯ ಜಗಲಿ ಮೇಲೆ ಒಂದು ವೈಸ್ ಇದೆ ಅಷ್ಟೇ. ತೆಳು ಅಲ್ಯೂಮಿನಿಯಂ ತಟ್ಟೆಯ ತೂತನ್ನು ಕೈಯಿಂದಲೇ ಸರಿಯಾಗಿ ದೊಡ್ಡದು ಮಾಡಲು ಆಗುತ್ತಾ?
(ಲಕ್ಷ್ಮೇಶ್ವರ, ಗದಗ ಜಿಲ್ಲೆ)

ಉತ್ತರ: ಆಗುತ್ತದೆ, ಮೊದಲಿನ ತೂತು ಸೆಂಟರಿನಲ್ಲೇ ಇದ್ದರೆ. ಅಡ್ಡ ಹಿಡಿಕೆ ಇರುವ ಟೇಪರ್ ರೀಮರ್ ಸಿಗುತ್ತದೆ, ಮೊನಚಾಗಿ ಶುರುವಾಗಿ ಮೇಲಕ್ಕೆ ದಪ್ಪ ಆಗುತ್ತಾ ಹೋಗುವಂಥದ್ದು. ರೇಡಿಯೊ ರಿಪೇರಿ ಮಾಡುವವರು ಚಾಸಿಗೆ ಬಳಸುತ್ತಿದ್ದದ್ದು ಅದೇ. ಅದಕ್ಕೆ ಐದಾರು ಬಾಯಿ ಇರುವುದರಿಂದ ಎಲ್ಲ ಕಡೆಯೂ ಆಧಾರ ಸಿಕ್ಕು ತೂತು ದುಂಡಗೆ ಬರುತ್ತದೆ. ನಿಧಾನವಾಗಿ ಮುಂದಕ್ಕೆ ಮಾತ್ರ ತಿರುಗಿಸಿ. ಹಿಂದಕ್ಕೆ ತಿರುಗಿಸಿದರೆ ಪುಡಿ ಬಾಯಿಯ ಹಿಂದೆ ಸಿಕ್ಕಿ ಹರಿತ ಹೋಗುತ್ತದೆ. ಹೊರಗೆ ತೆಗೆಯುವಾಗಲೂ ಮುಂದಕ್ಕೆ ತಿರುಗಿಸುತ್ತಲೇ ಎಳೆಯಿರಿ.

ಒಂದೇ ಕಡೆಯಿಂದ ಕೊರೆದರೆ ತೂತು ಒಂದು ಬದಿ ಅಗಲ, ಇನ್ನೊಂದು ಬದಿ ಕಿರಿದು ಆಗುತ್ತದೆ. ಆದ್ದರಿಂದ ಮೂರು ನಾಲ್ಕು ಸುತ್ತು ಈ ಕಡೆಯಿಂದ, ಮೂರು ನಾಲ್ಕು ಆ ಕಡೆಯಿಂದ. ಕೊನೆಗೆ ನಟ್ಟನಡುವೆ ಒಂದು ಕಿರಿದಾದ ಗೆರೆ ಉಳಿಯುತ್ತದೆ. ಅಳತೆಗೆ 0.1 ಅಥವಾ 0.2 ಎಂಎಂ ಬಾಕಿ ಇರುವಾಗ ನಿಲ್ಲಿಸಿ, ನೇರ ರೀಮರನ್ನು ಒಂದು ಸಲ ಹಾಯಿಸಿದರೆ ಆ ಗೆರೆಯೂ ಹೋಗಿ ಗೋಡೆ ನೇರ ಆಗುತ್ತದೆ. ಅಲ್ಯೂಮಿನಿಯಂಗೆ ಸೀಮೆಎಣ್ಣೆ ಹಚ್ಚಿ. ಈಗ ಸೀಮೆಎಣ್ಣೆ ಎಲ್ಲಿ ಸಿಗುತ್ತದೆ ಎಂದು ಕೇಳುತ್ತೀರಿ, ಡೀಸೆಲ್ ಆದರೂ ನಡೆಯುತ್ತದೆ. ಒಣಗಿದ್ದಾಗ ಕೊರೆದರೆ ಅಲ್ಯೂಮಿನಿಯಂ ಹೋಗಿ ರೀಮರಿನ ಬಾಯಿಗೆ ಅಂಟಿಕೊಳ್ಳುತ್ತದೆ, ಆಮೇಲೆ ಅದು ಕತ್ತರಿಸುವುದಿಲ್ಲ, ಗೀರುತ್ತದೆ.

ಮೆಟ್ಟಿಲು ಮೆಟ್ಟಿಲಾಗಿರುವ ಸ್ಟೆಪ್ ಡ್ರಿಲ್ ಕೂಡ ತೆಳು ತಟ್ಟೆಗೆ ಒಳ್ಳೆಯದೇ, ಮಾಮೂಲಿ ಬಿಟ್ಟಿಗಿಂತ ಎಷ್ಟೋ ಮೇಲು. ಆದರೆ ಅದರ ಮೆಟ್ಟಿಲುಗಳು ಒಂದೊಂದು ಅಥವಾ ಎರಡೆರಡು ಮಿಲಿಮೀಟರಿನವು, 6.35 ಬೇಕೆಂದರೆ ಅದು ಕೊಡುವುದಿಲ್ಲ. ಮಾಮೂಲಿ ಬಿಟ್ಟನ್ನೇ ಬಳಸುವುದು ಅನಿವಾರ್ಯ ಆದರೆ ತಟ್ಟೆಯನ್ನು ಎರಡು ಪ್ಲೈವುಡ್ ತುಂಡುಗಳ ನಡುವೆ ಬಿಗಿಯಾಗಿ ಹಿಡಿದು ಎಲ್ಲವನ್ನೂ ಸೇರಿಸಿ ಕೊರೆಯಿರಿ. ಮೇಲಿನ ಪ್ಲೈವುಡ್ಡಿನಲ್ಲಿ ತುದಿ ಊರಿಕೊಳ್ಳುತ್ತದೆ, ಕೆಳಗಿನದು ಕಚ್ಚಿಕೊಳ್ಳುವುದನ್ನು ತಡೆಯುತ್ತದೆ. ಮೇಲಿನ ತುಂಡಿನ ಗುರುತು ಹಳೇ ತೂತಿನ ಸೆಂಟರಿಗೆ ಸರಿಯಾಗಿ ಬರಬೇಕು, ಕೈಕೆಲಸದ ಕಷ್ಟವೆಲ್ಲ ಇರುವುದು ಅಲ್ಲೇ.

ಪ್ರಶ್ನೆ: ನಾನು ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟರ್ ಆಗಿ ನಿವೃತ್ತನಾದವನು. ಮೊಮ್ಮಗನ ಜೊತೆ ಈಗ ಈ ಹುಚ್ಚು ಹಿಡಿದಿದೆ. ಅರ್ಧ ಅರ್ಧ ಮಿಲಿಮೀಟರ್ ಏರಿಸುತ್ತಾ ಹೋದರೆ ತೂತು ನೆಟ್ಟಗೆ ಬರುತ್ತದೆ ಎಂದು ನಾವು ಕಲಿತದ್ದು. ಈ ಸಣ್ಣ ಸಾಮಾನಿಗೆ ಹಾಗೆ ಮಾಡಿದರೆ ಬಿಟ್ ಕಿರ್ರ್ ಅಂತ ಕುಣಿಯುತ್ತದೆ. ಯಾಕ್ರೀ?
(ಗದಗ ರಸ್ತೆ, ಹುಬ್ಬಳ್ಳಿ)

ಉತ್ತರ: ಹಿರಿಯರೇ, ನಿಮಗೆ ಹೇಳಿಕೊಡುವಷ್ಟು ದೊಡ್ಡವನಲ್ಲ ನಾನು, ಆದರೆ ಪ್ರಶ್ನೆ ಕೇಳಿದ್ದೀರಿ. ಅರ್ಧ ಮಿಲಿಮೀಟರ್ ಏರಿಸಿದರೆ ಪ್ರತಿ ಬದಿಯಲ್ಲಿ ಕಾಲು ಮಿಲಿಮೀಟರ್ ಮಾತ್ರ ಕತ್ತರಿಸಲು ಸಿಗುತ್ತದೆ. ಬಿಟ್ಟಿನ ಹೊರ ಮೂಲೆ ಮಾತ್ರ ತಾಗುತ್ತದೆ, ಉಳಿದದ್ದು ಗಾಳಿಯಲ್ಲಿ. ಇಂಚು ದಪ್ಪದ ಉಕ್ಕಿನಲ್ಲಿ, ಭಾರದ ಪಿಲ್ಲರ್ ಡ್ರಿಲ್ಲಿನಲ್ಲಿ (ಕಂಬಕ್ಕೆ ಕಟ್ಟಿದ ಡ್ರಿಲ್ ಮಷಿನ್), ಬಿಟ್ಟಿನ ಮೈ ತೂತಿನ ಒಳಗೇ ಕೂತು ಅದನ್ನು ಹಿಡಿದಿಡುತ್ತಿತ್ತು. ಎರಡು ಎಂಎಂ ತಟ್ಟೆಯಲ್ಲಿ ಆ ಹಿಡಿತ ಇಲ್ಲ, ಆದ್ದರಿಂದ ಕುಣಿತ. ಇಲ್ಲಿ ಮೆಟ್ಟಿಲು ಕಡಿಮೆ ಇದ್ದಷ್ಟೂ ಒಳ್ಳೆಯದು. ಹೊಸ ತೂತಾದರೆ ಮೊದಲು ಸಣ್ಣ ಬಿಟ್, ದೊಡ್ಡ ಬಿಟ್ಟಿನ ತುದಿಯಲ್ಲಿರುವ ಅಡ್ಡ ಅಂಚಿನ ಅಗಲದಷ್ಟು. ಆಮೇಲೆ ನೇರವಾಗಿ ಕೊನೆಯ ಅಳತೆಗೆ 0.2 ಕಡಿಮೆಯದು. ಆಮೇಲೆ ರೀಮರ್. 8 ಬೇಕಿದ್ದರೆ 7.8, 6 ಬೇಕಿದ್ದರೆ 5.8. ಎಚ್7 ಎಂದು ನಿಖರತೆಯ ದರ್ಜೆ ಬರೆದ 8 ಎಂಎಂ ರೀಮರ್ 8.000 ಮತ್ತು 8.015ರ ನಡುವೆ ತೂತು ಕೊಡಬೇಕು, ಅದು ನಿಮಗೆ ಗೊತ್ತಿರುವುದೇ. ವೇಗ ಡ್ರಿಲ್ ಮಾಡುವುದರ ಅರ್ಧ ಅಥವಾ ಮೂರನೇ ಒಂದು ಭಾಗ.

ಪಿಲ್ಲರ್ ಡ್ರಿಲ್ಲಿನಲ್ಲಿ ಹಳೇ ತೂತನ್ನು ಹಿಗ್ಗಿಸುವಾಗ ಸಾಮಾನನ್ನು ಮೇಜಿಗೆ ಬೋಲ್ಟ್ ಹಾಕಿ ಕಟ್ಟಿಬಿಟ್ಟರೆ ಬಿಟ್ಟಿಗೆ ತೂತಿನ ನಡು ಹುಡುಕಲು ಅವಕಾಶವೇ ಇರುವುದಿಲ್ಲ. ಹ್ಯಾಂಡ್ ವೈಸಿನಲ್ಲಿ ಗಟ್ಟಿಯಾಗಿ ಹಿಡಿದು, ವೈಸಿನ ಉದ್ದ ಹಿಡಿಕೆ ಕಂಬಕ್ಕೆ ತಾಗಿ ತಿರುಗದಂತೆ ಇಟ್ಟು, ಮೇಜಿನ ಮೇಲೆ ಸ್ವಲ್ಪ ಸರಿದಾಡಲು ಬಿಡಿ. ಇದನ್ನೂ ನೀವು ಮಾಡಿರುತ್ತೀರಿ. ಮೊಮ್ಮಗನಿಗೆ ಗೊತ್ತಿರಲಿ ಎಂದು ಬರೆದೆ.

ಪ್ರಶ್ನೆ: ಹಿತ್ತಾಳೆಯ ವೀಲ್ ಕಾಲರ್ (ಗಾಲಿ ಜಾರದಂತೆ ತಡೆಯುವ ಉಂಗುರ) 3 ಎಂಎಂ ತೂತಿನದು ಬಂದಿದೆ, ನನ್ನ ಲ್ಯಾಂಡಿಂಗ್ ಗೇರ್ ತಂತಿ 4 ಎಂಎಂ. ಬಿಟ್ ಹಾಕಿದ ಕೂಡಲೇ ಕಚ್ಚಿ ಕಾಲರ್ ಹಾರಿಹೋಯಿತು. ಇನ್ನೂ ಸಿಕ್ಕಿಲ್ಲ.
(ಬೆಟಗೇರಿ, ಗದಗ)

ಉತ್ತರ: ಗೋದ್ರೆಜ್ ಬೀರುವಿನ ಕೆಳಗೆ ನೋಡಿ, ಇಂಥವೆಲ್ಲ ಅಲ್ಲೇ ಹೋಗುತ್ತವೆ. ಹಿತ್ತಾಳೆ ಹರಿತವಾದ ಬಿಟ್ಟನ್ನು ಕಂಡರೆ ಎಳೆದುಕೊಳ್ಳುತ್ತದೆ. ಹಳೇ ಫಿಟರುಗಳು ಹಿತ್ತಾಳೆಗೆಂದೇ ಒಂದು ಬಿಟ್ ಬೇರೆ ಇಟ್ಟಿರುತ್ತಾರೆ. ಅದರ ಎರಡೂ ಕತ್ತರಿಸುವ ಅಂಚುಗಳ ಮುಂಭಾಗವನ್ನು ಎಣ್ಣೆ ಕಲ್ಲಿನ ಮೇಲೆ, ಬಿಟ್ಟಿನ ಉದ್ದಕ್ಕೆ ಸಮನಾಗಿ ಹಿಡಿದು, ಕೂದಲಿನಷ್ಟು ಅಗಲ ಚಪ್ಪಟೆ ಮಾಡಿರುತ್ತಾರೆ. ಆಗ ಬಿಟ್ ಅಗೆಯುವುದಿಲ್ಲ, ಕೆರೆಯುತ್ತದೆ. ಎರಡೂ ಕಡೆ ಒಂದೇ ಸಮ ಇರಬೇಕು, ಹೆಚ್ಚು ಕಡಿಮೆ ಆದರೆ ತೂತು ಅಗಲ ಆಗುತ್ತದೆ. ಹಿತ್ತಾಳೆಗೆ ಎಣ್ಣೆ ಬೇಡ, ಒಣದಾಗಿಯೇ ಕೊರೆಯಿರಿ.

ಕೊರೆಯುವ ಮೊದಲು ಎರಡು ವಿಷಯ ನೋಡಿ. ನಿಮ್ಮ ತಂತಿ ನಿಜಕ್ಕೂ 4 ಎಂಎಂ ಇದೆಯಾ, ಅಥವಾ 5/32 ಇಂಚಿನ ಪಿಯಾನೊ ವೈರಾ? ಅದು 3.97. ಈ ವ್ಯತ್ಯಾಸ ಇಲ್ಲಿ ದೊಡ್ಡದಲ್ಲ, ಆದರೆ 3 ಎಂಎಂ ಎಂದು ಮಾರುವ ತಂತಿ ಕೆಲವು ಸಲ 1/8 ಇಂಚು, ಅಂದರೆ 3.18 ಆಗಿರುತ್ತದೆ, ಆಗ ಕಾಲರ್ ಹೋಗುವುದೇ ಇಲ್ಲ. ಇನ್ನೊಂದು, ಕಾಲರಿನ ಗೋಡೆ. ಹೊರ ಅಳತೆ 7 ಎಂಎಂ ಇದ್ದರೆ, 3ರ ತೂತಿಗೆ ಗೋಡೆ 2 ಎಂಎಂ. 4 ಮಾಡಿದರೆ ಒಂದೂವರೆ. ಸೆಟ್ ಸ್ಕ್ರೂಗೆ ಸಿಗುವ ಥ್ರೆಡ್ ಅಷ್ಟೇ, ಬಿಗಿ ಮಾಡಿದರೆ ಕಿತ್ತು ಬರಬಹುದು. 4 ಎಂಎಂ ಕಾಲರ್ ಪ್ಯಾಕೆಟ್ ಕೊಳ್ಳುವುದೇ ಅಗ್ಗ, ನಿಜ ಹೇಳಬೇಕೆಂದರೆ.

ಪ್ರಶ್ನೆ: ಎಲಿವೇಟರಿನ (ಬಾಲದಲ್ಲಿ ಮೇಲೆ ಕೆಳಗೆ ಆಡುವ ಹಲಗೆ) ಲೋಹದ ಹಾರ್ನ್‌ನಲ್ಲಿ (ಅದನ್ನು ಆಡಿಸುವ ಸಣ್ಣ ತೋಳು) ಕ್ಲೆವಿಸ್ ಪಿನ್ (ಎಳೆಯುವ ಕಡ್ಡಿಯ ತುದಿಯ ಕೊಂಡಿಯ ಮೊಳೆ) ಹೋಗುತ್ತಿಲ್ಲ. ಪಿನ್ 1.6, ತೂತು 1.5. ನನ್ನ ಹತ್ತಿರ 2 ಎಂಎಂ ಬಿಟ್ ಇದೆ. ಹೊಡೆದುಬಿಡಲಾ?
(ಸಪ್ತಾಪುರ, ಧಾರವಾಡ)

ಉತ್ತರ: ಬೇಡ. 1.6ರ ಪಿನ್ 2ರ ತೂತಿನಲ್ಲಿ ಕೂತರೆ 0.4 ಎಂಎಂ ಸಡಿಲು. ಹಾರ್ನ್ ಉದ್ದ 15 ಎಂಎಂ, ಎಲಿವೇಟರ್ ಅಗಲ 50 ಎಂಎಂ ಎಂದಿಟ್ಟುಕೊಳ್ಳಿ, ಎಲಿವೇಟರಿನ ಹಿಂದಿನ ಅಂಚು ಆಗ 1.3 ಎಂಎಂ ಸುಮ್ನೆ ಅಲ್ಲಾಡುತ್ತದೆ. ಸರ್ವೋ (ಆ ಕಡ್ಡಿ ಎಳೆಯುವ ಮೋಟರ್) ಎಷ್ಟೇ ದುಬಾರಿಯದಾದರೂ ಈ ಅಲುಗಾಟವನ್ನು ಅದು ತಡೆಯಲಾರದು. ವಿಮಾನ ನೆಟ್ಟಗೆ ಹಾರದೆ ಮೇಲೆ ಕೆಳಗೆ ಆಡುತ್ತದೆ, ವೇಗ ಜಾಸ್ತಿಯಾದರೆ ಎಲಿವೇಟರ್ ಪಟಪಟ ಹೊಡೆದುಕೊಂಡು ಕಿತ್ತೇ ಹೋಗಬಹುದು.

1.6ರ ಬಿಟ್ ತನ್ನಿ, ಪಿನ್ ವೈಸಿನಲ್ಲಿ (ಸಣ್ಣ ಬಿಟ್ ಹಿಡಿಯುವ ಕೈಹಿಡಿಕೆ) ಹಿಡಿದು ಬೆರಳಲ್ಲಿ ತಿರುಗಿಸಿ. ಮಷಿನ್ ಬೇಡ. ಕೈಯಿಂದ ಹಾಯಿಸಿದ ತೂತು ಬಿಟ್ಟಿನ ಅಳತೆಗಿಂತ ಒಂದೆರಡು ನೂರನೇ ಮಿಲಿಮೀಟರ್ ಮಾತ್ರ ಜಾಸ್ತಿ ಬರುತ್ತದೆ, ನಿಮಗೆ ಬೇಕಾದದ್ದೂ ಅಷ್ಟೇ. ಗಡಿಯಾರ ರಿಪೇರಿಯವರ ಐದು ಮೂಲೆಯ ಬ್ರೋಚ್ (ಮೊನಚಾಗುತ್ತಾ ಹೋಗುವ, ತೂತು ಕೆರೆಯುವ ತೆಳು ಕಡ್ಡಿ) ಸಿಕ್ಕಿದರೆ ಇನ್ನೂ ಚೆನ್ನ, ಪಿನ್ ಹಾಕಿ ನೋಡುತ್ತಾ ಹಾಕಿ ನೋಡುತ್ತಾ ಕೊರೆಯಬಹುದು. ಹಾರ್ನ್ ಲೋಹದ್ದಾದ್ದರಿಂದ ಕ್ಲೆವಿಸ್ ನೈಲಾನಿನದಾದರೆ ಸವೆತ ಕಡಿಮೆ. ಲೋಹಕ್ಕೆ ಲೋಹ ಉಜ್ಜಿದರೆ ರೇಡಿಯೊಗೆ ತೊಂದರೆ ಎನ್ನುವ ಮಾತು ಹಳೇ 27, 35, 72 ಮೆಗಾಹರ್ಟ್ಸ್ ಸೆಟ್ಟುಗಳ ಕಾಲದ್ದು, ಆಗ ಅದು ನಿಜವೇ ಆಗಿತ್ತು, ಈಗಿನ 2.4 ಗಿಗಾಹರ್ಟ್ಸ್ ಸೆಟ್ಟುಗಳಿಗೆ ಅಷ್ಟು ತಟ್ಟುವುದಿಲ್ಲ. ಸವೆತ ಮಾತ್ರ ಇಂದಿಗೂ ಅಷ್ಟೇ.

ಪ್ರಶ್ನೆ: ಡ್ಯೂರಲ್ (ಗಟ್ಟಿ ಅಲ್ಯೂಮಿನಿಯಂ ಮಿಶ್ರಲೋಹ) ಲ್ಯಾಂಡಿಂಗ್ ಗೇರಿನ ಆಕ್ಸಲ್ ತೂತು 4ರಿಂದ 5 ಎಂಎಂ ಮಾಡಬೇಕು. ಒಂದು ಕಾಲಿನ ತೂತು ಮೊದಲೇ ಅರ್ಧ ಮಿಲಿಮೀಟರ್ ಹಿಂದಕ್ಕಿದೆ. ಹಿಗ್ಗಿಸುವಾಗಲೇ ಸರಿಸಬಹುದಾ?
(ರಾಣೆಬೆನ್ನೂರು, ಹಾವೇರಿ ಜಿಲ್ಲೆ)

ಉತ್ತರ: ಬಿಟ್ ಹಾಕಿ ಪಕ್ಕಕ್ಕೆ ಒತ್ತಿದರೆ ಸರಿಯುವುದಿಲ್ಲ, ಬಿಟ್ ಬಾಗುತ್ತದೆ ಇಲ್ಲವೇ ಮುರಿಯುತ್ತದೆ. ಅರ ಹಿಡಿಯಬೇಕು. ಮೊದಲು ಸರಿಯಾದ ಸೆಂಟರ್ ಎಲ್ಲಿ ಬರಬೇಕು ಎಂದು ಅಳೆದು, ಕಂಪಾಸಿನ ಮುಳ್ಳಿನಿಂದ 5 ಎಂಎಂ ವೃತ್ತ ಗೀರಿ. ಈಗಿರುವ ತೂತಿನಲ್ಲಿ ಮುಳ್ಳು ಊರಲು ಜಾಗ ಇಲ್ಲದ್ದರಿಂದ, ತೂತಿಗೆ ಒಂದು ಅಲ್ಯೂಮಿನಿಯಂ ಕಡ್ಡಿಯ ತುಂಡು ಬಡಿದು ಅದರ ಮೇಲೆ ಗುರುತು ಹಾಕಿಕೊಳ್ಳಿ. ಕಡ್ಡಿ ತೆಗೆದು, ಸಣ್ಣ ದುಂಡು ಅರದಿಂದ ಮುಂದಿನ ಬದಿಯನ್ನು ಮಾತ್ರ ಉಜ್ಜಿ, ಗೀರಿದ ವೃತ್ತಕ್ಕೂ ತೂತಿಗೂ ಎಲ್ಲ ಕಡೆ ಹೆಚ್ಚು ಕಡಿಮೆ ಒಂದೇ ಅಂತರ ಬರುವ ತನಕ. ನಿಮ್ಮ ಲೆಕ್ಕ ಇಲ್ಲಿ ಗಡಿಯ ಮೇಲಿದೆ. 4ರ ತೂತಿನ ಹಿಂದಿನ ಅಂಚು ಹಳೇ ಸೆಂಟರಿನಿಂದ 2 ಎಂಎಂ ಹಿಂದೆ, ಹೊಸ ಸೆಂಟರಿನಿಂದ ನೋಡಿದರೆ 2.5, ಅಂದರೆ ಹೊಸ ವೃತ್ತದ ಗೆರೆಗೆ ಸರಿಯಾಗಿ ತಾಗುತ್ತದೆ. ಅರ ಒಂದು ಮಿಲಿಮೀಟರಿನ ನೂರನೇ ಭಾಗದಷ್ಟು ಹಿಂದಕ್ಕೆ ಜಾರಿದರೂ ಕಲೆ ಉಳಿಯುತ್ತದೆ. ಹಾಗಾಗಿ ಅರದಿಂದಲೇ ಬಹುತೇಕ ಗೆರೆಯ ತನಕ ತಂದು, ಕೊನೆಗೆ 5ರ ರೀಮರನ್ನು ಕೈಯಿಂದ ಹಾಯಿಸಿ.

ತೂತಿನ ಸೆಂಟರಿನಿಂದ ಪಟ್ಟಿಯ ಅಂಚಿಗೆ ಎಷ್ಟು ಲೋಹ ಇದೆ ನೋಡಿ. ತೂತಿನ ಅಗಲದ ಎರಡರಷ್ಟು ಇರಲಿ ಎನ್ನುವುದು ವಿಮಾನದ ಶೀಟ್ ಕೆಲಸದವರ ರೂಢಿ, ಅಂದರೆ 5ರ ತೂತಿಗೆ 10 ಎಂಎಂ. ಒಂದೂವರೆಯಷ್ಟಕ್ಕೂ ಕಡಿಮೆ ಆದರೆ ಹಿಗ್ಗಿಸುವುದೇ ಬೇಡ, 4ರ ಆಕ್ಸಲ್ ಬೋಲ್ಟನ್ನೇ ಗಟ್ಟಿ ಗ್ರೇಡಿನದು ಹಾಕಿ. ಕೊರೆದ ಮೇಲೆ ಎರಡೂ ಬದಿಯ ಬರ್ ತೆಗೆಯುವುದು ಮರೆಯಬೇಡಿ. ಗಡುಸು ಲ್ಯಾಂಡಿಂಗ್ ಆದಾಗ ಬಿರುಕು ಶುರುವಾಗುವುದು ಅಂಥ ಒರಟು ಅಂಚಿನಿಂದಲೇ.

ಪ್ರಶ್ನೆ: ಸಣ್ಣ ತೂತನ್ನು ವರ್ನಿಯರಿನಲ್ಲಿ ಅಳೆದರೆ 2.9 ತೋರಿಸುತ್ತದೆ, 3 ಎಂಎಂ ಕಡ್ಡಿ ಸಲೀಸಾಗಿ ಹೋಗುತ್ತದೆ. ವರ್ನಿಯರ್ ಕೆಟ್ಟಿದೆಯಾ?
(ನವನಗರ, ಹುಬ್ಬಳ್ಳಿ)

ಉತ್ತರ: ಕೆಟ್ಟಿಲ್ಲ. ಅದರ ಒಳ ಅಳತೆಯ ಜಾಗಳ (ದವಡೆಗಳ) ತುದಿ ಕತ್ತಿಯಷ್ಟು ಚೂಪಾಗಿರುವುದಿಲ್ಲ, ಸ್ವಲ್ಪ ಚಪ್ಪಟೆ ಇರುತ್ತದೆ. ಸಣ್ಣ ತೂತಿನಲ್ಲಿ ಆ ಚಪ್ಪಟೆಯ ಎರಡು ಮೂಲೆ ತಾಗಿ ನಿಂತು ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಡ್ರಿಲ್ ಬಿಟ್ಟುಗಳನ್ನು ತಲೆಕೆಳಗು ಮಾಡಿ ನುಣುಪಾದ ಹಿಂಬದಿಯಿಂದ ಹಾಕಿ ನೋಡಿ. 3.0 ಹೋಗಿ 3.1 ಹೋಗದಿದ್ದರೆ ತೂತು ಅದರ ನಡುವೆ. ಬಿಟ್ಟಿನ ಹಿಂಬದಿ ಹೆಸರಿಗಿಂತ ಒಂದೆರಡು ನೂರನೇ ಭಾಗ ಸಣ್ಣ ಇರುವುದುಂಟು, ಆದ್ದರಿಂದ ಅದನ್ನೇ ಒಮ್ಮೆ ವರ್ನಿಯರಿನ ಹೊರ ಜಾಗಳಲ್ಲಿ ಅಳೆದುಕೊಳ್ಳಿ.

ಪ್ರಶ್ನೆ: ಎಂಜಿನ್ನಿನ ಬೇರಿಂಗಿನ ಒಳತೂತನ್ನು ಸ್ವಲ್ಪ ಹಿಗ್ಗಿಸಬಹುದಾ?
(ಶಿಗ್ಗಾಂವಿ, ಹಾವೇರಿ ಜಿಲ್ಲೆ)

ಉತ್ತರ: ಇಲ್ಲ. ಅದು ಹದ ಹಾಕಿದ ಉಕ್ಕು, ಬಿಟ್ ಸುಟ್ಟುಹೋಗುತ್ತದೆ, ಕಾಯಿಸಿ ಮೆದು ಮಾಡಿದರೆ ಬೇರಿಂಗೇ ಹೋಗುತ್ತದೆ. ಯಾವುದೇ ಉಕ್ಕಿನ ಭಾಗ ಇರಲಿ, ಮೂಲೆಯಲ್ಲಿ ಅರ ಎಳೆದು ನೋಡಿ. ಅರ ಜಾರಿದರೆ ಆ ಭಾಗವನ್ನು ಹಾಗೇ ಬಿಟ್ಟು ಅದರ ಜೊತೆಗಾರನನ್ನು ಬದಲಿಸಿ.

ಪ್ರಶ್ನೆ: ಗೋಕುಲ ರಸ್ತೆ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಸುತ್ತಿದೆ. ಒಂದು ತಟ್ಟೆಗೆ ಯಾರೂ ಕೈ ಹಾಕುತ್ತಿಲ್ಲ. ಒಬ್ಬರು ಮಾಡಿಕೊಟ್ಟರು, 8 ಎಂಎಂ ಹೇಳಿದ್ದೆ, 8.2 ಆಗಿದೆ. ಕೇಳಿದರೆ "ಎಂಟೇ ಐತಲ್ರೀ" ಅಂದರು.
(ಕೇಶ್ವಾಪುರ, ಹುಬ್ಬಳ್ಳಿ)

ಉತ್ತರ: ಅವರ ಲೆಕ್ಕದಲ್ಲಿ ಅದು ಎಂಟೇ. ಬೋಲ್ಟ್ ಹೋಗುವ ತೂತಿಗೆ 0.2 ಜಾಸ್ತಿ ಬಿಡುವುದು ಅವರಿಗೆ ಅಭ್ಯಾಸ, ಬಿಡದಿದ್ದರೆ ಗಿರಾಕಿ ಬಂದು ಬೋಲ್ಟ್ ಹೋಗ್ತಿಲ್ಲ ಅಂತ ಜಗಳ ಮಾಡುತ್ತಾನೆ. ನಂಬರ್ ಹೇಳಬೇಡಿ, ಸಾಮಾನು ಕೊಡಿ. ಎಂಜಿನ್ನನ್ನೇ ಒಯ್ದು ಶಾಫ್ಟ್ ತೋರಿಸಿ, "ಇದಕ್ಕ ಸರ್ರಂತ ಹೋಗಬೇಕು, ಅಲುಗಬಾರದು" ಎನ್ನಿ. ಶಾಫ್ಟ್ ಕಣ್ಣೆದುರಿಗೆ ಇದ್ದರೆ ಟರ್ನರ್ ಕೈ ತಾನೇ ನಿಧಾನ ಆಗುತ್ತದೆ, ಬೋರ್ ಮಾಡುತ್ತಾ ಹಾಕಿ ನೋಡುತ್ತಾ ಹೋಗುತ್ತಾರೆ. ಹೊರ ಅಂಚಿನ ಮೆಟ್ಟಿಲಿಗೆ ಡಯಲ್ ಹಚ್ಚಬೇಕು ಎನ್ನುವುದನ್ನು ಮೊದಲೇ ಹೇಳಿ, ಆಮೇಲೆ ಹೇಳಿದರೆ ಎರಡನೇ ಸಲ ಸೆಟ್ಟಿಂಗ್ ಮಾಡಲು ಯಾರಿಗೂ ಮನಸ್ಸು ಬರುವುದಿಲ್ಲ.

ತಾರಿಹಾಳದಲ್ಲಾಗಲಿ, ಧಾರವಾಡದ ಲಕಮನಹಳ್ಳಿ, ಬೇಲೂರು ಕಡೆಯಾಗಲಿ, ದೊಡ್ಡ ಕಂಪನಿಗೆ ಮಾಲು ಹಾಕುವ ಸಿಎನ್‌ಸಿ ಶೆಡ್ಡುಗಳಿಗೆ ಹೋಗಿ ಪ್ರಯೋಜನ ಇಲ್ಲ, ಅಲ್ಲಿ ಸಾವಿರ ಪೀಸಿನ ಕೆಲಸ ನಿಲ್ಲಿಸಿ ನಿಮ್ಮ ಒಂದು ತಟ್ಟೆ ಕಟ್ಟುವುದಿಲ್ಲ. ಒಬ್ಬರೇ ನಡೆಸುವ, ಒಂದು ಹಳೇ ಲೇಥ್ ಇರುವ, ಪಂಪ್‌ಸೆಟ್ ಶಾಫ್ಟ್ ರಿಪೇರಿ ಮಾಡುವ ಶೆಡ್ ಹುಡುಕಿ. ಕೂಲಿಯಲ್ಲಿ ಚೌಕಾಸಿ ಮಾಡಬೇಡಿ. ಕೊರೆಯುವುದು ಐದು ನಿಮಿಷದ ಕೆಲಸ, ಸೆಂಟರ್ ಮಾಡುವುದು ಅರ್ಧ ಗಂಟೆಯದು, ಅವರು ಕೇಳುವ ದುಡ್ಡು ಆ ಅರ್ಧ ಗಂಟೆಗೆ. 8.2 ಆದ ತಟ್ಟೆಗೆ ಮೊದಲ ಉತ್ತರದಲ್ಲಿ ಹೇಳಿದ ಬುಶ್ಶೇ ದಾರಿ.

ಪ್ರಶ್ನೆ: ಇದೇ ರೀಮರ್ ಪ್ರಾಪೆಲ್ಲರಿಗೂ ನಡೆಯುತ್ತಾ?
(ಹಾವೇರಿ)

ಉತ್ತರ: ಟೇಪರ್ ರೀಮರ್ ಬೇಡ, ಪ್ರಾಪಿನ ನಡು ದಪ್ಪ ಇರುವುದರಿಂದ ತೂತು ಒಂದು ಕಡೆ ಅಗಲ ಆಗಿಯೇ ಆಗುತ್ತದೆ. ಪ್ರಾಪ್ ರೀಮರ್ ಎಂದೇ ಸಿಗುತ್ತದೆ, ಮೆಟ್ಟಿಲು ಮೆಟ್ಟಿಲಾಗಿ ಕಾಲಿಂಚು, 5/16, 3/8 ಅಳತೆಗಳು ಒಂದೇ ಕಡ್ಡಿಯಲ್ಲಿ ಇರುತ್ತವೆ. ಒಂದು ಮೆಟ್ಟಿಲು ಹಳೇ ತೂತಿನಲ್ಲಿ ದಾರಿ ಹಿಡಿದುಕೊಂಡಿದ್ದರೆ ಮುಂದಿನದು ಕತ್ತರಿಸುತ್ತದೆ, ಹಾಗಾಗಿ ಸೆಂಟರ್ ಉಳಿಯುತ್ತದೆ. ಕೈಯಿಂದಲೇ ತಿರುಗಿಸಿ. ಎಲೆಕ್ಟ್ರಿಕ್ ಪ್ರಾಪುಗಳ ಜೊತೆ ಕೆಲವು ಸಲ ಸಣ್ಣ ಪ್ಲಾಸ್ಟಿಕ್ ಉಂಗುರಗಳು ಬರುತ್ತವೆ, ಎಪಿಸಿ ಕಂಪನಿಯವರು ಕೊಡುತ್ತಾರೆ, ನಿಮ್ಮ ಶಾಫ್ಟಿನ ಉಂಗುರ ಅದರಲ್ಲಿದ್ದರೆ ಕೊರೆಯುವ ಗೊಡವೆಯೇ ಇಲ್ಲ. ಕೊರೆದಿದ್ದರೆ ಬ್ಯಾಲೆನ್ಸರ್ ಮೇಲೆ ಮತ್ತೊಮ್ಮೆ ತೂಗಿ ನೋಡಿಯೇ ಎಂಜಿನ್ನಿಗೆ ಹಾಕಿ, ಅಂಗಡಿಯಿಂದ ಬಂದಾಗ ಸಮ ಇತ್ತು ಎನ್ನುವುದು ಈಗ ಲೆಕ್ಕಕ್ಕೆ ಬರುವುದಿಲ್ಲ.